ಕೈಗಡದ ಕಸುವು

ಕೋಶವೆಂಬ ಶಬ್ದವು ನಮ್ಮಲ್ಲಿ ಬಹ್ವರ್ಥವುಳ್ಳದ್ದು. ಧನವಿರುವಲ್ಲಿ ಅದು ಭಂಡಾರ, ಶಬ್ದಗಳಿರುವಲ್ಲಿ ನಿಘಂಟು, ಖಡ್ಗವಿರುವಲ್ಲಿ ಒರೆ. ಈ ಸಾಲಿಗೆ ವಿದ್ಯುತ್ಕೋಶವೂ ಬಂದು ಸೇರಿತು. ಜನರು ಅದನ್ನು ಬ್ಯಾಟರಿಯೆಂದೇ ಕರೆಯುವರು. ತೋಪುಗಳ ಸಾಲಿಗೆ ಸಲ್ಲುತ್ತಿದ್ದ ಆ ಹೆಸರನ್ನು ಬೆಂಜಮಿನ್ ಫ್ರ್ಯಾಂಕ್ಲಿನ್‌ನು 1749ರಲ್ಲಿ ವಿದ್ಯುದುಪಕರಣಗಳ ಸಾಲಿಗೆ ಅನ್ವಯಿಸಿದನು. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆಯು ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿರಿಸಿ, ಬರಿದಾದರೂ ಮರಳಿ ತುಂಬಬಲ್ಲ ಕೋಶವನ್ನು ನಿರ್ಮಿಸಿದನು. ಇಂದಿನ ಬಹುತೇಕ ಕಾರುಗಳಲ್ಲಿರುವುದು ಅದರ ಸಂತತಿಯೇ. ಆರು ಕೋಶಗಳು ಕೂಡಿ, ಪೂರ್ತಿ ತುಂಬಿದಾಗ ಸುಮಾರು 12.6 ವೋಲ್ಟ್.

ಈ ವಿಷಯವು ನನಗೆ ಮನದಟ್ಟಾದುದು ಗಳಗನಾಥದಲ್ಲಿ. ವರದೆಯು ತುಂಗಭದ್ರೆಯನ್ನು ಕೂಡುವ ಆ ಕ್ಷೇತ್ರಕ್ಕೆ, ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವನ್ನು ಕಾಣಲೆಂದು, ನಾವು ನಾಲ್ವರು ಅಧ್ಯಾಪಕರು ಹೋಗಿದ್ದೆವು. ಮಧ್ಯಾಹ್ನದ ಹೊತ್ತಿಗೆ ನಮ್ಮಲ್ಲಿ ಹಿರಿಯರಾದ ನಿವೃತ್ತ ಗುರುಗಳಿಗೆ ಉಬ್ಬಸ ಹೆಚ್ಚಿತು. ಹಾವೇರಿಯ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಬೇಕು. ಕೀಲಿ ತಿರುವಿದರೆ ಕಾರು ಟಕ್ ಟಕ್ ಎಂದು ಸದ್ದುಮಾಡಿ ಸುಮ್ಮನಾಯಿತು. ಸ್ವಯಂಚಾಲಿತ ಗೇರಿನ ವಾಹನವಾದುದರಿಂದ ನೂಕಿ ಚಾಲೂ ಮಾಡುವ ಹಳೆಯ ಉಪಾಯವೂ ನಡೆಯಲಿಲ್ಲ. ಆಂಬುಲೆನ್ಸಿಗೆ ಕರೆ ಹೋಯಿತು. ಆದರೆ ಅದು ದೂರದಿಂದ ಬರಬೇಕು.

ಆಗ ಹೊಲದ ಕಡೆಯಿಂದ ಟ್ರ್ಯಾಕ್ಟರೊಂದು ಬಂದಿತು. ಅದರ ಯುವಕನು ಎರಡೂ ಬ್ಯಾಟರಿಗಳ ಮೇಲಿನ ಬರಹವನ್ನು ಓದಿ, ಎರಡೂ 12 ವೋಲ್ಟಿನವೆಂದು ಖಚಿತಪಡಿಸಿಕೊಂಡನು. ದೊಡ್ಡ ಲಾರಿಗಳದು 24 ವೋಲ್ಟ್. ಅದನ್ನು ಜೋಡಿಸಿದರೆ ಕಾರು ಕೆಡುವುದಂತೆ. ಕೆಂಪು ತಂತಿಯನ್ನು ಮೊದಲು ನಮ್ಮ ಬ್ಯಾಟರಿಯ ಧನಾಗ್ರಕ್ಕೆ, ಬಳಿಕ ಟ್ರ್ಯಾಕ್ಟರಿನ ಧನಾಗ್ರಕ್ಕೆ ಹಚ್ಚಿದನು. ಕರಿಯ ತಂತಿಯ ಒಂದು ತುದಿ ಟ್ರ್ಯಾಕ್ಟರಿನ ಋಣಾಗ್ರಕ್ಕೆ ಹೋಯಿತು. ಇನ್ನೊಂದನ್ನು ನಮ್ಮವರೊಬ್ಬರು ಸತ್ತ ಬ್ಯಾಟರಿಗೇ ಹಚ್ಚಲು ಮುಂದಾದಾಗ ಅವನು ತಡೆದನು.

“ಅಲ್ಲಿ ಬ್ಯಾಡ್ರಿ ಗುರುಗಳ, ಎಂಜಿನ್ನಿನ ಬರೇ ಕಬ್ಬಿಣಕ್ಕ ಹಚ್ಚೂಣು.”

“ಯಾಕೋ ತಮ್ಮಾ?”

“ಕಡೀ ಜೋಡಣಿಗೆ ಕಿಡಿ ಹಾರತೈತ್ರಿ. ಬ್ಯಾಟರಿ ಬಾಯಾಗ ಉರಿಯೋ ಗಾಳಿ ಇರತೈತಿ.”

ಆ ‘ಉರಿಯೋ ಗಾಳಿ’ಯೇ ಜಲಜನಕ. ಶಾಸ್ತ್ರವು ಹೇಳುವುದೂ ಇದನ್ನೇ. ಪಕ್ಕದಲ್ಲಿ ಬೀಡಿ ಹಚ್ಚಲಿದ್ದವರೊಬ್ಬರನ್ನೂ ಅವನು ದೂರ ಕಳುಹಿಸಿದನು. ಟ್ರ್ಯಾಕ್ಟರು ನಾಲ್ಕೈದು ನಿಮಿಷ ನಡೆದ ಮೇಲೆ ಕಾರಿನ ಎಂಜಿನ್ನು ಎಚ್ಚತ್ತಿತು. ಜೋಡಿಸಿದ ಕ್ರಮಕ್ಕೆ ವಿಲೋಮವಾಗಿ ತಂತಿಗಳನ್ನು ಬಿಡಿಸಿ, “ಹಾವೇರಿ ಮುಟ್ಟೂತನಕ ಬಂದ್ ಮಾಡಬ್ಯಾಡ್ರಿ” ಎಂದನು. ಹಣವನ್ನು ಮುಟ್ಟಲಿಲ್ಲ. ಗುತ್ತಲದ ಮಾರ್ಗವಾಗಿ ಸಾಗಿ ಸಕಾಲಕ್ಕೆ ಆಸ್ಪತ್ರೆಯನ್ನು ಸೇರಿದೆವು, ಹಿರಿಯರು ಚೇತರಿಸಿಕೊಂಡರು.

ಆ ಯುವಕನು ಕೊಟ್ಟುದು ಎಷ್ಟು? ಎಂಜಿನ್ನನ್ನು ಒಮ್ಮೆ ತಿರುಗಿಸುವಷ್ಟು ಮಾತ್ರ. ಅಲ್ಲಿಂದ ಮುಂದೆ ಕಾರಿನ ಆಲ್ಟರ್ನೇಟರು ತಾನೇ ವಿದ್ಯುತ್ತನ್ನು ಹುಟ್ಟಿಸಿ ಬರಿದಾದ ಕೋಶವನ್ನು ತುಂಬುತ್ತದೆ. ಕೊಟ್ಟ ಟ್ರ್ಯಾಕ್ಟರಿಗೂ ಕೊರತೆಯಾಗದು. ನಡೆಯುತ್ತಿರುವ ತನ್ನ ಎಂಜಿನ್ನಿನಿಂದ ಅದು ಮತ್ತೆ ತುಂಬಿಕೊಳ್ಳುತ್ತದೆ. ಆದರೆ ಫಲಕಗಳೇ ಸವೆದ ಬ್ಯಾಟರಿಗೆ ಈ ಕೈಗಡವು ಒಂದು ದಾರಿಗಷ್ಟೇ ಸಾಕು. ಆಮೇಲೆ ಹೊಸದನ್ನು ತರಲೇಬೇಕು. ನಮ್ಮದೂ ಅಂಥದೇ ಆಗಿದ್ದಿತು.

ಶಾಲೆಗಳಲ್ಲಿ ನಾವು ಮಾಡುವುದೂ, ದಾನಿಗಳು ಮಾಡಿಸುವುದೂ ಬಹಳ ಮಟ್ಟಿಗೆ ಇಷ್ಟೇ. ಮಗುವಿನ ಬಾಳನ್ನು ನಾವು ಕೊನೆಯವರೆಗೂ ಎಳೆದೊಯ್ಯಲಾರೆವು; ಮೊದಲ ತಿರುವನ್ನು ಕೊಡಬಲ್ಲೆವು. ಅದನ್ನು ಕೊಡುವಲ್ಲಿಯೂ ಕ್ರಮ ಬೇಕು, ಕಿಡಿ ಎಲ್ಲಿ ಹಾರೀತೆಂಬ ಎಚ್ಚರ ಬೇಕು. ಗಳಗನಾಥರೆಂದೇ ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (1869-1942) ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದಾಗ ಮಾಡಿದ್ದೂ ಇದನ್ನೇ. ಅವರು ಹಚ್ಚಿದ ಓದಿನ ರುಚಿಯು ಮುಂದೆ ತನ್ನ ಬಲದಿಂದಲೇ ನಡೆಯಿತು.