ಬರ್ಕಿನ್ ಸಾಹೇಬರ ವಾರ್ತಿಕ

ಬೆಲೆಬಾಳುವ ವೇಗದ ಮೋಟಾರು ಗಾಡಿಯನ್ನು ಕೊಂಡವನಿಗೆ ಬಹುಬೇಗ ಒಂದು ಚಿಂತೆ ಹತ್ತಿಕೊಳ್ಳುವುದುಂಟು. ನಿರ್ಮಾಪಕನು ಕೊಟ್ಟಷ್ಟರಲ್ಲಿ ತೃಪ್ತನಾಗಿರಬೇಕೆ, ಇಲ್ಲವೆ ಯಂತ್ರವನ್ನು ತಿದ್ದಿ ಇನ್ನಷ್ಟು ವೇಗವನ್ನು ಪಡೆಯಬೇಕೆ? ಈ ಪ್ರಶ್ನೆಯು ಒಮ್ಮೆ ಆಂಗ್ಲದೇಶದಲ್ಲಿ ಇಬ್ಬರು ಸಮರ್ಥರ ನಡುವೆ ದೊಡ್ಡ ವಿವಾದವಾಗಿ ನಿಂತಿತು.

ಒಬ್ಬರು, 1919ರಲ್ಲಿ ತಮ್ಮ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿದ ವಾಲ್ಟರ್ ಓವನ್ ಬೆಂಟ್ಲಿಯವರು. ಮತ್ತೊಬ್ಬರು, ಆ ಗಾಡಿಗಳನ್ನೇ ಪಂದ್ಯಗಳಲ್ಲಿ ಓಡಿಸುತ್ತಿದ್ದ ಟಿಮ್ ಬರ್ಕಿನ್ ಸಾಹೇಬರು. 1927ರಲ್ಲಿ ಹೊರಬಂದ ನಾಲ್ಕೂವರೆ ಲೀಟರಿನ ಬೆಂಟ್ಲಿಗೆ ಸುಮಾರು 110 ಅಶ್ವಶಕ್ತಿಯಿದ್ದಿತು. ಬರ್ಕಿನ್ನರಿಗೆ ಅದು ಸಾಲದು. ಹೆಚ್ಚು ಬಲ ಬೇಕಾದರೆ ಯಂತ್ರದ ಗಾತ್ರವನ್ನೇ ಹೆಚ್ಚಿಸತಕ್ಕದ್ದೆಂಬುದು ಬೆಂಟ್ಲಿಯವರ ಮತ. ಗಾತ್ರವು ಇದ್ದಂತೆಯೇ ಇರಲಿ, ಸೂಪರ್‌ಚಾರ್ಜರ್ ಎಂಬ ಉಪಕರಣದಿಂದ ಸಿಲಿಂಡರುಗಳೊಳಕ್ಕೆ ಗಾಳಿಯನ್ನು ಒತ್ತಿ ತುಂಬೋಣ, ಆಗ ಹೆಚ್ಚು ಇಂಧನವು ಉರಿದು ಬಲವು ತಾನಾಗಿ ಬರುವುದೆಂಬುದು ಬರ್ಕಿನ್ನರ ಮತ. ಜಠರವನ್ನು ಹಿಗ್ಗಿಸುವುದೊಂದು ಪಕ್ಷ, ಅಗ್ನಿಯನ್ನು ಊದುವುದಿನ್ನೊಂದು. ಊದಿದ ಅಗ್ನಿಯು ಒಲೆಯನ್ನೂ ಸುಡಬಹುದೆಂಬುದೇ ಬೆಂಟ್ಲಿಯವರ ಶಂಕೆ.

ಸಂಸ್ಥೆಯ ಅಧ್ಯಕ್ಷರಾಗಿದ್ದ ವೂಲ್ಫ್ ಬರ್ನಾಟೋ ಅವರು ಬರ್ಕಿನ್ನರ ಪಕ್ಷವನ್ನು ವಹಿಸಿದರು. ಆಮ್ಹರ್ಸ್ಟ್ ವಿಲಿಯರ್ಸ್ ಉಪಕರಣವನ್ನು ರಚಿಸಿದರು. ಡೊರೊತಿ ಪ್ಯಾಜೆಟ್ ಎಂಬ ಶ್ರೀಮಂತ ಮಹಿಳೆ ಹಣವೊದಗಿಸಿದರು. ಫ್ರಾನ್ಸಿನ ಲೆ ಮಾನ್ಸ್ ಪಂದ್ಯಕ್ಕೆ ಅರ್ಹತೆ ದೊರೆಯಲೆಂದು ಅಂತಹ 50 ಗಾಡಿಗಳನ್ನು ಮಾರಾಟಕ್ಕಾಗಿಯೂ ಕಟ್ಟಬೇಕಾಯಿತು. ಪಂದ್ಯದ ಗಾಡಿಯ ಬಲ 240 ಅಶ್ವಶಕ್ತಿಗೇರಿತು. ಆದರೆ ತಮ್ಮ ಯಂತ್ರದ ಒಳರಚನೆಯನ್ನು ಮುಟ್ಟಗೊಡಲು ಬೆಂಟ್ಲಿಯವರು ಸುತರಾಂ ಒಪ್ಪಲಿಲ್ಲ. ಆದಕಾರಣ ಆ ಉಪಕರಣವು ರೇಡಿಯೇಟರಿನ ಮುಂದೆ, ಹೊರಗೇ ಕುಳಿತುಕೊಂಡಿತು.

ಉಕ್ತ, ಅನುಕ್ತ, ದುರುಕ್ತಗಳನ್ನು ವಿಚಾರಿಸುವುದು ವಾರ್ತಿಕಕಾರನ ಕೆಲಸವೆಂದು ಶಾಸ್ತ್ರಜ್ಞರು ಹೇಳುವರು. ಬರ್ಕಿನ್ನರು ಮಾಡಹೊರಟದ್ದೂ ಅದನ್ನೇ. ಆದರೆ ಸೂತ್ರಕಾರನು ಬದುಕಿದ್ದು, ಎದುರಿಗೇ ನಿಂತು ಬೇಡವೆನ್ನುತ್ತಿರುವಾಗ ವಾರ್ತಿಕ ಬರೆಯುವುದು ಸುಲಭವಲ್ಲ. ಕಾತ್ಯಾಯನನಿಗೆ ಆ ಕಷ್ಟವಿರಲಿಲ್ಲ!

1930ರ ಜೂನಿನಲ್ಲಿ ಲೆ ಮಾನ್ಸ್ ಪಂದ್ಯ ನಡೆಯಿತು. ಹಗಲೂ ಇರುಳೂ ಸೇರಿ 24 ಗಂಟೆಗಳ ಓಟವದು. ಬರ್ಕಿನ್ನರು ಹುಲ್ಲಿನ ಮೇಲೆ ಚಕ್ರವಿಳಿಸಿ ಕಾರಾಚಿಯೋಲಾ ಅವರ ಮರ್ಸಿಡೀಸನ್ನು ಹಿಂದೆ ಹಾಕಿದರು. ನೋಡಿದವರು ಮರೆಯಲಾರದ ಸಾಹಸ. ಆದರೆ ಪ್ಯಾಜೆಟ್ಟರ ಗಾಡಿಗಳೆರಡೂ ಕೆಟ್ಟು ಕೊನೆ ಮುಟ್ಟಲಿಲ್ಲ. ಗೆದ್ದದ್ದು ಗಾಳಿಯೊತ್ತುವ ಉಪಕರಣವೇ ಇಲ್ಲದ, ಆರೂವರೆ ಲೀಟರಿನ ಬೆಂಟ್ಲಿ. ಅದನ್ನು ಕಿಡ್‌ಸ್ಟನ್ನರೊಡನೆ ಓಡಿಸಿದವರು ಬೇರಾರೂ ಅಲ್ಲ, ಬರ್ಕಿನ್ನರಿಗೆ ಅನುಮತಿಯಿತ್ತ ಬರ್ನಾಟೋ ಅವರೇ.

ಇಷ್ಟರಿಂದಲೇ ಬೆಂಟ್ಲಿಯವರ ಪಕ್ಷವು ಗೆದ್ದಿತೆಂದರೆ ಅವಸರವಾದೀತು. ಅದೇ ವರ್ಷ ಪೋ ನಗರದಲ್ಲಿ ನಡೆದ ಫ್ರೆಂಚ್ ಗ್ರಾಂ ಪ್ರಿಯಲ್ಲಿ ಹಗುರವಾದ ಬುಗಾಟಿಗಳ ನಡುವೆ ಈ ಭಾರಿ ಗಾಡಿಯು ಎರಡನೆಯದಾಗಿ ಬಂದಿತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ಬರ್ಕಿನ್ನರು ಇದರ ಒಂಟಿಪೀಠದ ರೂಪವನ್ನು ಗಂಟೆಗೆ 137.96 ಮೈಲಿ ವೇಗದಲ್ಲಿ ಓಡಿಸಿ ಸುತ್ತಿನ ದಾಖಲೆಯನ್ನು ಸ್ಥಾಪಿಸಿದರು. ಒಂದು ಸುತ್ತಿಗೆ ಊದಿದ ಅಗ್ನಿ, ಅಹೋರಾತ್ರಿಗೆ ಹಿಗ್ಗಿದ ಜಠರ. ಯಾವುದು ಬೇಕೆಂಬುದನ್ನು ಮೊದಲೇ ತಿಳಿಯದೆ ಪಾನೆಯನ್ನು ಕೈಗೆತ್ತಿಕೊಂಡವನಿಗೆ ಎರಡೂ ದಕ್ಕುವಂತಿಲ್ಲ.

ಸಂಸ್ಥೆಯು ಸಾಲದಲ್ಲಿ ಮುಳುಗಿ 1931ರಲ್ಲಿ ರೋಲ್ಸ್ ರಾಯ್ಸ್ ಕಂಪನಿಯ ವಶವಾಯಿತು. ಬರ್ಕಿನ್ನರು 1933ರಲ್ಲಿ ತೀರಿಕೊಂಡರು. 2019ರಲ್ಲಿ ಬೆಂಟ್ಲಿ ಸಂಸ್ಥೆಯು ತನ್ನ ಹಳೆಯ ಗಾಡಿಗಳಲ್ಲೊಂದನ್ನು ಅಂಗಾಂಗವಾಗಿ ಅಳೆದು, ಅದರಂತೆಯೇ 12 ಹೊಸ ಗಾಡಿಗಳನ್ನು ಕಟ್ಟುವುದಾಗಿ ಸಾರಿತು. ಆರಿಸಿಕೊಂಡದ್ದು ಸ್ಥಾಪಕರು ಬೇಡವೆಂದ ಬರ್ಕಿನ್ನರ ಗಾಡಿಯನ್ನೇ. ಉಪಕರಣವು ಅವುಗಳಲ್ಲಿಯೂ ರೇಡಿಯೇಟರಿನ ಮುಂದೆ, ಯಂತ್ರದ ಹೊರಗೇ ಇದೆ.