ಮುತ್ತಜ್ಜಿಯ ತವರು

ಬೆಳಿಗ್ಗೆ ಚಿಕ್ಕಪ್ಪನ ಮಗ ಮೊಬೈಲಿಗೆ ನಮ್ಮ ಮನೆತನದ ವಂಶವೃಕ್ಷ ಕಳಿಸಿದ್ದ. ಗೋತ್ರ, ಮೂಲಸ್ಥಾನ, ಮನೆದೇವರು ಎಲ್ಲ ಬರೆಸಿ, ಬಣ್ಣ ಹಾಕಿಸಿ ಅಚ್ಚುಕಟ್ಟಾಗಿ ಮಾಡಿಸಿದ್ದಾನೆ. ಗಂಡಸರೆಲ್ಲ ಸಾಲಾಗಿ ಹೆಸರು ಸಮೇತ ನಿಂತಿದ್ದಾರೆ. ಅಪ್ಪನ ಅಜ್ಜನ ಪಕ್ಕದಲ್ಲೊಂದು ಸಣ್ಣ ಚೌಕ. ಅದರಲ್ಲಿ ‘ಪತ್ನಿ’ ಎಂದಷ್ಟೇ ಇದೆ. ನೋಡಿದ್ದೇ ತಡ, ಸಿಟ್ಟು ನೆತ್ತಿಗೇರಿತು. ಹುಡುಗನ ಮೇಲಲ್ಲ, ಅವನು ಕೈಗೆ ಸಿಕ್ಕಿದ ಹಳೆಯ ಕಾಗದಗಳನ್ನು ನಂಬಿ ಶ್ರದ್ಧೆಯಿಂದ ಮಾಡಿದ ಕೆಲಸ ಅದು. ಸಿಟ್ಟು ಬಂದದ್ದು ಆ ಕಾಗದಗಳ ಮೇಲೆ.

ದಾಖಲೆಗಳು ಹೆಂಗಸರನ್ನು ಮರೆತವು ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು, ಅದನ್ನು ಬೆಳೆಸುವುದಿಲ್ಲ. ನನ್ನ ಪ್ರಶ್ನೆ ಒಂದೇ: ಮುತ್ತಜ್ಜಿಯ ಅಪ್ಪ ಯಾರು?

ಮನೆಯಲ್ಲಿ ಇದಕ್ಕೆ ಎರಡು ಉತ್ತರಗಳಿದ್ದವು. ಅವಳು ಶಿರಾ ಕಡೆಯ ಶಾನುಭೋಗರೊಬ್ಬರ ಮಗಳು ಎಂದು ಸೋದರತ್ತೆ ಹೇಳುತ್ತಿದ್ದರು. ದೊಡ್ಡಮ್ಮ ಒಪ್ಪುತ್ತಿರಲಿಲ್ಲ. ಶಾನುಭೋಗರು ಅವಳ ಸೋದರಮಾವ. ಹೆತ್ತವರು ಬರದಲ್ಲಿ ಹೋದ ಮೇಲೆ ಸಾಕಿಕೊಂಡು ಧಾರೆ ಎರೆದುಕೊಟ್ಟರು ಎನ್ನುತ್ತಿದ್ದರು. ದೊಡ್ಡಮ್ಮನ ಮಾತನ್ನು ತಳ್ಳಿಹಾಕುವಂತಿಲ್ಲ. ಧಾತು ಈಶ್ವರ ಸಂವತ್ಸರಗಳ ಬರ ಎಂದರೆ 1876ರಿಂದ 78ರವರೆಗಿನ ಕಾಲ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ಕ್ಕೆ 42 ಲಕ್ಷದೊಳಗೆ ಇಳಿದಿತ್ತು. ಅಂಥ ಕಾಲದಲ್ಲಿ ಯಾವ ಮಗು ಯಾರ ಮಡಿಲು ಸೇರಿತೆಂದು ಬರೆದಿಡಲು ಯಾರಿಗೆ ಪುರುಸೊತ್ತು?

ಗಂಡ ತೀರಿಕೊಂಡ ಮೇಲೆ ಅವಳು ಹೆಬ್ಬೆಟ್ಟು ಒತ್ತಿದ ಒಂದು ಕ್ರಯಪತ್ರ ನನ್ನ ಬಳಿ ಇದೆ. ಅದರಲ್ಲಿ ಹೊಲದ ನಾಲ್ಕೂ ಮಗ್ಗುಲಿನ ಚೆಕ್ಕುಬಂದಿ ಇದೆ, ಬೇಲಿಯ ಹುಣಸೆಮರ ಕೂಡ ಇದೆ. ಆದರೆ ಗಂಡಸಿಗೆ ‘ಬಿನ್’ ಎಂದು ಅಪ್ಪನ ಹೆಸರು ಸೇರಿಸುವ ಪತ್ರಬರಹಗಾರ, ಅವಳ ಹೆಸರಿಗೆ ‘ಕೋಂ’ ಎಂದು ಸತ್ತ ಗಂಡನ ಹೆಸರು ಸೇರಿಸಿ ಮುಗಿಸಿದ್ದಾನೆ. ಹುಣಸೆಮರಕ್ಕೆ ಸಿಕ್ಕ ಜಾಗ ಅವಳ ಅಪ್ಪನಿಗೆ ಸಿಕ್ಕಲಿಲ್ಲ. ಪತ್ರದಲ್ಲಿರುವ ಹೆಸರಾದರೂ ಹುಟ್ಟಿದಾಗ ಇಟ್ಟದ್ದೇ? ಸೊಸೆ ಮನೆ ತುಂಬಿದ ದಿನವೇ ಅಕ್ಕಿಯಲ್ಲಿ ಹೊಸ ಹೆಸರು ಬರೆಸುತ್ತಿದ್ದ ಮನೆ ನಮ್ಮದು.

ಕಾಗದಕ್ಕಿಂತ ಪುರೋಹಿತರ ಬಾಯಿಯೇ ಮೇಲು. ಮಹಾಲಯದಲ್ಲಿ ಅಪ್ಪ, ಅಜ್ಜ, ಮುತ್ತಜ್ಜರ ಬೆನ್ನಿಗೆ ಅಮ್ಮ, ಅಜ್ಜಿ, ಮುತ್ತಜ್ಜಿಯರ ಹೆಸರೂ ಬರುತ್ತವೆ. ಅವಳ ಹೆಸರು ನನ್ನ ನಾಲಿಗೆಯಲ್ಲಿ ಉಳಿದದ್ದು ಹಾಗೆ. ಚಿಕ್ಕಪ್ಪ ಗಟ್ಟಿಮುಟ್ಟಾಗಿದ್ದಾರೆ, ಅವರ ಮಗನಿಗೆ ತರ್ಪಣದ ಹೊಣೆ ಇನ್ನೂ ಬಂದಿಲ್ಲ, ಹೆಸರೂ ಗೊತ್ತಿಲ್ಲ. ನನ್ನ ಮಗ ಎಳ್ಳುನೀರು ಬಿಡುವ ಹೊತ್ತಿಗೆ ನನ್ನದೇ ತಲೆಮಾರು ಆ ಸಾಲಿಗೆ ಸೇರುತ್ತದೆ, ಅವಳು ಆಚೆ ಹೋಗುತ್ತಾಳೆ. ಮಂತ್ರಕ್ಕೂ ಮೂರೇ ತಲೆಮಾರಿನ ನೆನಪು. ಅಲ್ಲಿ ಹೇಳುವ ಗೋತ್ರವೂ ಗಂಡನ ಮನೆಯದೇ. ಉತ್ತರ ಕರ್ನಾಟಕದಲ್ಲಿ ಎತ್ತಿನ ಮೇಲೆ ಬಂದು ಒಕ್ಕಲುಮನೆಗಳ ವಂಶಾವಳಿ ಹೇಳಿ ಕಾಳು ಪಡೆಯುತ್ತಿದ್ದ ಹೆಳವರು ನಮ್ಮ ಸೀಮೆಗೂ ಬಂದಿದ್ದರೆ ಎಂದು ಎಷ್ಟೋ ಸಲ ಹಂಬಲಿಸಿದ್ದೇನೆ.

ಇದೇ ತಳಮಳದಲ್ಲಿ ಕಪಾಟಿನಿಂದ ರನ್ನನ ಅಜಿತಪುರಾಣ ತೆಗೆದೆ. 993ರ ಕೃತಿ. ಬರೆಸಿದವಳು ಅತ್ತಿಮಬ್ಬೆ. ಅವಳ ಅಜ್ಜ ನಾಗಮಯ್ಯ, ಅಪ್ಪ ಮಲ್ಲಪ, ತಂಗಿ ಗುಂಡಮಬ್ಬೆ, ಗಂಡ ನಾಗದೇವ, ಮಗ ಅಣ್ಣಿಗದೇವ. ಎಲ್ಲರೂ ಹೆಸರು ಹಿಡಿದು ಕರೆದರೆ ಓಗೊಡುವಷ್ಟು ಹತ್ತಿರ! 1057ರ ಬೆಳತೂರಿನ ಶಾಸನವೂ ಹಾಗೆಯೇ. ಗಂಡನ ಸಾವು ಕೇಳಿ ಬೆಂಕಿ ಹೊಕ್ಕ ದೇಕಬ್ಬೆಯನ್ನು ಅದು ರವಿಗನ ಮಗಳೆಂದೂ ಹೇಳುತ್ತದೆ. ಇವರು ಅಧಿಕಾರವಿದ್ದವರ ಮಕ್ಕಳು, ಕವಿಯೂ ಕಲ್ಲುಕುಟಿಗನೂ ಒದಗಿದರು, ನಿಜ. ಆದರೂ ಸಾವಿರ ವರ್ಷದ ಹಿಂದೆ ಮದುವೆಯಾದ ಹೆಣ್ಣಿಗೆ ಅಪ್ಪನ ಹೆಸರು ಉಳಿಯಿತು. ನೂರೈವತ್ತು ವರ್ಷದ ಹಿಂದಿನ ನಮ್ಮವಳಿಗೆ ಉಳಿಯಲಿಲ್ಲ. ಇದನ್ನು ನಾನು ಸುಮ್ಮನೆ ನುಂಗಿಕೊಳ್ಳಲಾರೆ.

ಅರಮನೆಯ ಮೂಲಕ್ಕೂ ಇಂಥ ಮಬ್ಬು ಕವಿದದ್ದುಂಟು. ಇಂಗ್ಲೆಂಡಿನ ಡಯಾನಾಳ ತಾಯಿಯ ಕಡೆಯ ಪೂರ್ವಜೆ ಎಲೈಜಾ ಕೆವಾರ್ಕ್ ಎಂಬವಳು ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಸೂರತ್ತಿನಲ್ಲಿದ್ದಳು. ಸ್ಕಾಟ್ಲೆಂಡಿನ ಥಿಯೋಡರ್ ಫೋರ್ಬ್ಸ್‌ನ ಜೊತೆ ಬಾಳಿ 1812ರಲ್ಲಿ ಕ್ಯಾಥರಿನ್ ಎಂಬ ಮಗಳನ್ನು ಹೆತ್ತಳು. ಮಗುವನ್ನು ಸ್ಕಾಟ್ಲೆಂಡಿಗೆ ಕಳಿಸಲಾಯಿತು, ತಾಯಿ ಇಲ್ಲೇ ಉಳಿದಳು. ಹೆಸರಿನ ಆಧಾರದ ಮೇಲೆ ಅವಳನ್ನು ಅರ್ಮೇನಿಯದವಳೆಂದೇ ಹೇಳಿಕೊಂಡು ಬಂದಿದ್ದರು. 2013ರಲ್ಲಿ ಹೆಣ್ಣುಮಕ್ಕಳ ಸಾಲಿನಲ್ಲೇ ಇಳಿದು ಬಂದ ಬಂಧುಗಳ ಎಂಜಲು ಪರೀಕ್ಷೆ ಮಾಡಿದಾಗ, ತಾಯಿಯಿಂದ ಮಾತ್ರ ಬರುವ ವಂಶವಾಹಿ ಭಾರತದ ಕಡೆಯದೆಂದು ಕಂಡಿತು. ಕಾಗದ ಹೇಳದ್ದನ್ನು ಮಗಳು, ಮಗಳ ಮಗಳು, ಅವಳ ಮಗಳು ತಮ್ಮ ಮೈಯಲ್ಲೇ ಹೊತ್ತು ತಂದಿದ್ದರು. ನಮ್ಮ ಮುತ್ತಜ್ಜಿಗೂ ಒಬ್ಬಳು ಮಗಳಿದ್ದಳು. ವಂಶವೃಕ್ಷದಲ್ಲಿ ಅವಳಿಗೆ ಚೌಕವೂ ಇಲ್ಲ. ಆ ಮಗಳ ಸಂತಾನ ಎಲ್ಲಿದೆಯೆಂದು ಹುಡುಕಲು ಈಗ ಹೊರಡಬೇಕು.

ವಂಶವೃಕ್ಷ ಎಂದರೆ ಹೊಲಮನೆ ಯಾರಿಗೆ ಸೇರಬೇಕೆಂಬ ಪಟ್ಟಿ ಎಂದು ನಾವು ತಿಳಿದಿರುವುದೇ ತಪ್ಪು. ಅರ್ಧ ರಕ್ತವನ್ನು ಬಿಟ್ಟು ಬರೆದ ವಂಶಾವಳಿ ಅರ್ಧ ಸುಳ್ಳು. ನಿಮ್ಮ ಮನೆಯಲ್ಲಿ ಇನ್ನೂ ಅಜ್ಜಿ ಇದ್ದರೆ ಇವತ್ತು ಸಂಜೆಯೇ ಪಕ್ಕದಲ್ಲಿ ಕುಳಿತು ಕೇಳಿ. ಅವರಿಗೆ ಹುಟ್ಟಿದಾಗ ಇಟ್ಟ ಹೆಸರೇನು, ತವರೂರು ಯಾವುದು, ಅಪ್ಪ ಅಮ್ಮ ಯಾರು, ಆ ಅಮ್ಮನ ತವರು ಯಾವುದು. ಎರಡು ಕಥೆ ಹೇಳಿದರೆ ಎರಡನ್ನೂ ಬರೆದುಕೊಳ್ಳಿ, ಯಾರು ಹೇಳಿದರೆಂದೂ ಬರೆಯಿರಿ. ನಾಳೆಗೆ ಇಡಬೇಡಿ.