ಹಿಂಭಾರ

ಹೊಸ ಕಾರಿನ ಕಾಗದಪತ್ರಗಳಲ್ಲಿ ನನಗೆ ತುಂಬ ಇಷ್ಟವಾದ ಸಂಖ್ಯೆ 3,500. ನಮ್ಮದು ಟೊಯೋಟಾ ರಾವ್‌-ಫೋರ್, ಪುಟ್ಟ ಎಸ್‌ಯುವಿ. ಅದರಲ್ಲಿ ಅಡ್ವೆಂಚರ್ ಎನ್ನುವ ಮಾದರಿ 3,500 ಪೌಂಡ್ ಎಳೆಯಬಲ್ಲದು, ಅಂದರೆ ಸುಮಾರು 1,600 ಕಿಲೋ. ಅದೇ ಹೆಸರಿನ, ಅದೇ ಮುಖದ ಸಾಧಾರಣ ಮಾದರಿಗಳಿಗೆ 1,500 ಪೌಂಡ್ ಮಾತ್ರ. ಹಾಗಾಗಿ ಫ್ರೀಮಾಂಟಿನ ನಮ್ಮ ಬೀದಿಯಲ್ಲಿ ಅದೇ ಕಾರಿಟ್ಟುಕೊಂಡಿದ್ದ ಇನ್ನಿಬ್ಬರಿಗಿಂತ ನಾನು ಒಂದು ಕೈ ಮೇಲು ಎಂಬ ಸಣ್ಣ ಜಂಬ ನನಗಿತ್ತು.

ಆ ಜಂಬದಲ್ಲೇ ಒಂದು ಹಳೆಯ ಕ್ಯಾಂಪರ್ ಟ್ರೇಲರ್ ಕೊಂಡೆ. ಒಳಗೆ ಇಬ್ಬರು ಮಲಗಬಹುದು, ಹಿಂದಿನ ಬಾಗಿಲೆತ್ತಿದರೆ ಅಡುಗೆಮನೆ. ಖಾಲಿ ತೂಕ 1,900 ಪೌಂಡ್. ಊರಿಂದ ಅಪ್ಪ ಆರು ತಿಂಗಳಿಗೆಂದು ಬಂದಿದ್ದರು. ಅವರೂ ಮಗಳೂ ಒಳಗೆ, ನಾವಿಬ್ಬರು ಟೆಂಟಿನಲ್ಲಿ, ಯೊಸೆಮಿಟಿ ಹತ್ತಿರ ಮೂರು ರಾತ್ರಿ. ಇದು ಯೋಜನೆ.

ತಯಾರಿಯಲ್ಲಿ ನಾನು ಕಡಿಮೆ ಮಾಡಿದೆ ಅಂತ ಯಾರೂ ಹೇಳುವ ಹಾಗಿಲ್ಲ. ಕಾರಿನ ಅಡಿಗೆ ಹಿಚ್ ಹಾಕಿಸಿದೆ. ಟ್ರೇಲರಿನ ದೀಪಗಳಿಗೂ ಬ್ರೇಕಿಗೂ ಕರೆಂಟು ಹೋಗುವ ಏಳು ಪಿನ್ನಿನ ಸಾಕೆಟ್ ಹಾಕಿಸಿದೆ. ಕ್ಯಾಲಿಫೋರ್ನಿಯಾದಲ್ಲಿ 1,500 ಪೌಂಡ್ ಮುಟ್ಟಿದ ಕ್ಯಾಂಪ್ ಟ್ರೇಲರಿಗೆ ಅದರದೇ ಬ್ರೇಕ್ ಇರಲೇಬೇಕು. ಅದನ್ನು ಕಾರೊಳಗಿಂದ ನಡೆಸುವ ಕಂಟ್ರೋಲರ್ ಸ್ಟೀರಿಂಗಿನ ಕೆಳಗೆ ಕೂತಿತು. ಅದಕ್ಕೊಂದು ಪುಟ್ಟ ಸನ್ನೆ. ಅದನ್ನು ಒತ್ತಿದರೆ ಕಾರಿನ ಬ್ರೇಕ್ ಮುಟ್ಟದೆ ಟ್ರೇಲರಿನದು ಮಾತ್ರ ಹಿಡಿಯುತ್ತದೆ. ಎರಡು ಸರಪಳಿಗಳನ್ನು ಕತ್ತರಿಯ ಹಾಗೆ ಅಡ್ಡಡ್ಡ ಹಾಕುವುದನ್ನು ಕಲಿತೆ. ಅಕಸ್ಮಾತ್ ಹಿಚ್ ಕಳಚಿದರೆ ಟ್ರೇಲರಿನ ಮೂತಿ ನೆಲಕ್ಕೆ ಬೀಳದೆ ಆ ತೊಟ್ಟಿಲಿನಲ್ಲಿ ಕೂರುತ್ತದೆ. ಟೈರುಗಳ ಗಾಳಿ, ಟ್ರೇಲರಿನ ಬೇರಿಂಗುಗಳ ಗ್ರೀಸು, ಎಲ್ಲ ನೋಡಿದೆ.

ಆಮೇಲೆ ಲೆಕ್ಕ. 3,500 ಎನ್ನುವುದು ಎಳೆಯುವ ತೂಕ. ಟ್ರೇಲರಿನ ಮೂತಿ ಕಾರಿನ ಬೆನ್ನ ಮೇಲೆ ಒರಗುವ ತೂಕ ಬೇರೆ. ಅದು ಟ್ರೇಲರಿನ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದರಷ್ಟಿರಬೇಕು, ಮತ್ತು ನಮ್ಮ ಕಾರಿಗೆ 350 ಪೌಂಡ್ ದಾಟಬಾರದು. ಅದಲ್ಲದೆ ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿ ಹೇಳುವ ಮಿತಿಯಿದೆಯಲ್ಲ, ಕಾರು ಹೊರಬಹುದಾದ್ದು, ನಮ್ಮದರಲ್ಲಿ ಸಾವಿರದ ಆಸುಪಾಸು. ನಾಲ್ಕು ಜನರ ಜೊತೆ ಈ ಮೂತಿಯ ಭಾರವೂ ಅದರಲ್ಲೇ ಕಳೆಯಬೇಕು. ಕಳೆದು ನೋಡಿದರೆ ಕಾರೊಳಗೆ ಇಡಲು ಎರಡು ಬ್ಯಾಗಿನಷ್ಟೂ ಉಳಿಯಲಿಲ್ಲ. ಜಾಹೀರಾತಿನ ದೊಡ್ಡ ಸಂಖ್ಯೆ ಈ ಚಿಕ್ಕ ಸಂಖ್ಯೆಗಳ ಮುಂದೆ ಬಂದು ನಿಂತ ಕೂಡಲೇ ಮೆತ್ತಗಾಗುತ್ತದೆ.

ಬಚ್ಚಲಿನಲ್ಲಿದ್ದ ತೂಕದ ಯಂತ್ರ ತಂದು, ಮೇಲೊಂದು ಹಲಗೆ ಹಾಕಿ, ಟ್ರೇಲರಿನ ಮೂತಿಯನ್ನು ಅದರ ಮೇಲಿಳಿಸಿದೆ. 210 ಪೌಂಡ್. ನೂರಕ್ಕೆ ಹನ್ನೊಂದು. ಫೋಟೋ ತೆಗೆದಿಟ್ಟುಕೊಂಡೆ.

ಸಾಮಾನು ತುಂಬಿದ್ದು ಅದಾದ ಮೇಲೆ!

ಕಾರಿನಲ್ಲಿ ಜಾಗವಿಲ್ಲ ಅಂತ ಎಲ್ಲವೂ ಟ್ರೇಲರಿಗೆ ಹೋಯಿತು. ಅಡುಗೆಮನೆ ಹಿಂದಿದೆಯಲ್ಲ, ಐಸ್ ಡಬ್ಬಿ, ಪಾತ್ರೆ, ಸ್ಟೋವು ಅಲ್ಲಿಗೆ. ಮೂರು ರಾತ್ರಿಗೆ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ಯಾಕೆ ಎಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಸೈಕಲ್ ಎರಡು, ಹಿಂದಿನ ಸ್ಟ್ಯಾಂಡಿಗೆ. ಹಿಂಭಾಗದ ತಳದಲ್ಲಿ ಇಪ್ಪತ್ತು ಗ್ಯಾಲನ್ ನೀರಿನ ಟ್ಯಾಂಕು. ಅಲ್ಲಿ ನೀರು ಹೇಗೋ ಏನೋ ಅಂತ ಅದನ್ನೂ ತುಂಬಿಸಿದೆ. ಒಂದು ಗ್ಯಾಲನ್ ನೀರು ಎಂಟು ಪೌಂಡಿಗಿಂತ ಹೆಚ್ಚು ತೂಗುತ್ತದೆ. ಅಪ್ಪ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಒಂದೆರಡು ಸಲ ಟ್ರೇಲರಿನ ಮೂತಿಯ ಕಡೆ ಹೋಗಿ ಬಗ್ಗಿ ನೋಡಿ ಬಂದರು. ಮಾತಾಡಲಿಲ್ಲ.

ಶುಕ್ರವಾರ ಸಂಜೆ ಹೊರಟೆವು. ಆಲ್ಟಮಾಂಟ್ ಕಣಿವೆ ದಾರಿ ಗೊತ್ತಿದ್ದವರಿಗೆ ಮುಂದಿನದು ಊಹೆಯಾಗಿರಬಹುದು. ಗುಡ್ಡದ ತುಂಬ ಗಾಳಿಯಂತ್ರಗಳಿರುವುದು ಸುಮ್ಮನೆ ಅಲ್ಲ; ಬೇಸಿಗೆಯ ಸಂಜೆ ಕಡಲ ಕಡೆಯಿಂದ ಬರುವ ಗಾಳಿ ಅಲ್ಲಿ ನುಗ್ಗಿ ಹರಿಯುತ್ತದೆ. ಏರು ಮುಗಿದು ಟ್ರೇಸಿ ಕಡೆಗೆ ಇಳಿಜಾರು ಸಿಕ್ಕಿತು. ಟ್ರೇಲರ್ ಎಳೆಯುವವರಿಗೆ ಈ ರಾಜ್ಯದಲ್ಲಿ ಗಂಟೆಗೆ 55 ಮೈಲಿ ಮಿತಿ. ನನ್ನ ಮುಳ್ಳು 65 ದಾಟಿತ್ತು. ದೊಡ್ಡ ಟ್ರಕ್ಕೊಂದು ಎಡಗಡೆಯಿಂದ ಹಾದುಹೋಯಿತು, ಹಿಂದಿನಿಂದ ಯಾರೋ ಕಾರಿನ ಸೊಂಟ ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ಜಗ್ಗಿದ ಹಾಗಾಯಿತು. ಕನ್ನಡಿಯಲ್ಲಿ ಟ್ರೇಲರಿನ ಎಡಗೋಡೆ ಕಾಣಿಸಿತು, ಮತ್ತೆ ಬಲಗೋಡೆ, ಪ್ರತಿ ಸಲವೂ ಇನ್ನಷ್ಟು ಅಗಲಕ್ಕೆ.

ನನ್ನ ಕಾಲು ತಾನಾಗಿಯೇ ಬ್ರೇಕಿಗೆ ಹೋಯಿತು. ಹೋಗಬಾರದು. ಮುಂದಿನದು ನಿಧಾನವಾದಾಗ ಹಿಂದಿನದು ನೂಕುತ್ತದೆ, ತೂಗಾಟ ಹೆಚ್ಚುತ್ತದೆ, ಹೆಚ್ಚಿತು. ಮಗಳು ಕಿರುಚಿದಳು. ಆಗ ನೆನಪಾಯಿತು ಆ ಸನ್ನೆ. ಕಾಲು ತೆಗೆದೆ, ಸ್ಟೀರಿಂಗನ್ನು ನೇರ ಹಿಡಿದು, ಬೆರಳಿನಿಂದ ಸನ್ನೆ ಒತ್ತಿದೆ. ಟ್ರೇಲರ್ ಹಿಂದಕ್ಕೆ ಎಳೆದು ಹಿಡಿದಂತೆ ನೆಟ್ಟಗಾಯಿತು. ಎಲ್ಲ ಸೇರಿ ಹತ್ತು ಸೆಕೆಂಡು ಆಗಿರಲಾರದು. ನನ್ನ ಹೆಂಡತಿ ಡ್ಯಾಶ್‌ಬೋರ್ಡ್ ಹಿಡಿದ ಕೈ ಬಿಟ್ಟಿದ್ದು ಟ್ರೇಸಿಯಲ್ಲಿ.

ಪೆಟ್ರೋಲ್ ಬಂಕಿನ ಅಂಚಿನಲ್ಲಿ ನಿಲ್ಲಿಸಿದೆ. ಅಪ್ಪ ಇಳಿದು, ಟ್ರೇಲರನ್ನು ಒಂದು ಸುತ್ತು ಹಾಕಿ ಬಂದರು.

"ಹಿಂಭಾರ ಆಗೈತೆ ಕಣಪ್ಪ."

ನಮ್ಮೂರು ತಿಪಟೂರಿನ ಹತ್ತಿರ. ಅಪ್ಪ ಹದಿನಾರರಿಂದ ನಲವತ್ತರವರೆಗೆ ಎತ್ತಿನಗಾಡಿಯಲ್ಲಿ ಕೊಬ್ಬರಿ ಮೂಟೆ ಹೇರಿಕೊಂಡು ಮಾರುಕಟ್ಟೆಗೆ ಹೊಡೆದವರು. ಗಾಡಿ ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕೊರಳ ಹಗ್ಗವನ್ನು ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ಕಿತ್ತುಹೋಗುತ್ತದೆ. ಮೂಟೆ ಹೇರುವಾಗ ಅವರು ಮೂಕಿಯನ್ನು ಒಂದು ಕೈಯಲ್ಲಿ ಎತ್ತಿ ನೋಡುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಅದೇ ನನ್ನ ತೂಕದ ಯಂತ್ರದ ಕೆಲಸ.

"ಮನೆ ಹತ್ರಾನೇ ಗೊತ್ತಾಗಿತ್ತಾ ನಿಂಗೆ?"

"ಅನುಮಾನ ಬಂತು."

"ಹೇಳಬಾರದಿತ್ತಾ ಅಪ್ಪ?"

"ನೀನು ಇಂಜಿನಿಯರು. ಪುಸ್ತಕ ನೋಡ್ಕೊಂಡು ಲೆಕ್ಕ ಹಾಕಿದ್ದೆ. ನಿನ್ನ ಮನೆ, ನಿನ್ನ ದೇಶ. ನಾನೇನು ಮಧ್ಯ ಬಾಯಿ ಹಾಕೋದು ಅಂತ ಸುಮ್ಮನಾದೆ."

ಇಳಿಜಾರಿನಲ್ಲಿ ಆದ ಹೆದರಿಕೆ ಅರ್ಧ ಗಂಟೆಯಲ್ಲಿ ಇಳಿಯಿತು. ಈ ಮಾತು ಇಳಿಯಲಿಲ್ಲ. ಅವರು ಬಂದು ಮೂರು ತಿಂಗಳಾಗಿತ್ತು. ಗ್ಯಾಸ್ ಒಲೆ ಹಚ್ಚಲು, ಟಿವಿ ಹಾಕಲು, ರಸ್ತೆ ದಾಟಲು ಕೂಡ ಪ್ರತಿಯೊಂದಕ್ಕೂ ನಾನು "ಹಾಗಲ್ಲಪ್ಪ, ಹೀಗೆ" ಅಂದಿದ್ದೆ. ಅದೆಲ್ಲ ಕೂಡಿ ಅವರ ಬಾಯಿ ಕಟ್ಟಿತ್ತು, ಹಿಂದಿನ ಸೀಟಿನಲ್ಲಿ ಮೊಮ್ಮಗಳು ಕೂತಿದ್ದಾಗಲೂ.

ಟ್ಯಾಂಕಿನ ನೀರನ್ನು ಬಿಟ್ಟೆವು. ಸೈಕಲ್ ಬಿಚ್ಚಿ ಒಳಗೆ ಹಾಸಿಗೆಯ ಮೇಲೆ ಮಲಗಿಸಿದೆವು. ಅಪ್ಪನಿಗೆ ಹುರುಪು ಬಂದು ಚೀಲ, ಡಬ್ಬಿ, ಸ್ಟೋವು ಎಲ್ಲವನ್ನೂ ಮೂತಿಗೇ ಒಟ್ಟಿಸಿದರು. ಈಗ ಕಾರಿನ ಹಿಂಭಾಗ ಕುಕ್ಕರಿಸಿತು. ಹಾಗೆ ಕುಕ್ಕರಿಸಿದರೆ ಮುಂದಿನ ಚಕ್ರಗಳು ಹಗುರಾಗುತ್ತವೆ, ಸ್ಟೀರಿಂಗ್ ಹಿಡಿತ ಕಳೆಯುತ್ತದೆ, ದೀಪ ಆಕಾಶ ನೋಡುತ್ತದೆ. "ಅಷ್ಟೂ ಬೇಡಪ್ಪ" ಅಂದೆ. "ಎತ್ತಾಗಿದ್ರೆ ಕೂತೇಬಿಡೋದು," ಅಂದು ನಕ್ಕು, ಅರ್ಧ ಸಾಮಾನು ಚಕ್ರಗಳ ಮೇಲಕ್ಕೆ ಬರುವ ಹಾಗೆ ಹಿಂದೆ ಸರಿಸಿದರು. 55 ದಾಟದೆ ಹೋದೆವು. ಟ್ರೇಲರ್ ಅಲುಗಲಿಲ್ಲ.

ಮನೆಗೆ ಬಂದು, ಕುತೂಹಲಕ್ಕೆ, ಮೊದಲ ದಿನದ ಹಾಗೇ ತುಂಬಿ ಮೂತಿಯನ್ನು ತೂಗಿದೆ. 120 ಪೌಂಡ್. ನೂರಕ್ಕೆ ಐದು.

ಅಪ್ಪ ಈಗ ಊರಲ್ಲಿದ್ದಾರೆ. ನಾವು ಕ್ಯಾಂಪಿಂಗ್ ಹೊರಡುವ ಹಿಂದಿನ ರಾತ್ರಿ ಫೋನ್ ಮಾಡಿದರೆ, ಅಲ್ಲಿ ಬೆಳಗಿನ ಕಾಫಿ ಹೊತ್ತು. ಮೊದಲು ಕೇಳುವುದು ಮೊಮ್ಮಗಳನ್ನು, ಆಮೇಲೆ ಅಕ್ಕಿ ಚೀಲ ಎಲ್ಲಿಟ್ಟೆ ಅಂತ.